ಮರೆವಿನ ಹೊಸ್ತಿಲಲ್ಲಿ ಮಿದುಳು

ನರಕೋಶಗಳು ಸಾಯುವುದಕ್ಕೆ ಎಷ್ಟೋ ಮುಂಚೆ ಅವುಗಳ ನಡುವಣ ಸಂಪರ್ಕ ಕೆಡತೊಡಗುತ್ತದೆ. ಮುಪ್ಪಿನ ಸಹಜ ಮರೆವಿಗೂ ಮರೆಗುಳಿ ರೋಗಕ್ಕೂ ನಡುವೆ ಇರುವ ಈ ಹಂತವನ್ನು ಗುರುತಿಸುವುದು ಏಕೆ ಮುಖ್ಯ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮನೆಯ ಹಿರಿಯರು ಮರೆತದ್ದನ್ನೆಲ್ಲ ಅದರ ಲೆಕ್ಕಕ್ಕೇ ಬರೆದು ಸುಮ್ಮನಾಗುವುದು ರೂಢಿಯಾಗಿಬಿಟ್ಟಿದೆ. ಬೆಳಿಗ್ಗೆ ಹೇಳಿದ ಸುದ್ದಿಯನ್ನೇ ಅಜ್ಜ ಮಧ್ಯಾಹ್ನ ಮತ್ತೆ ಹೊಸದಾಗಿ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಒಲೆಯ ಮೇಲೆ ಹಾಲಿಟ್ಟದ್ದನ್ನು ಅಜ್ಜಿ ಮರೆತರೆ ಮನೆಯವರು ಗೊಣಗುತ್ತಾರೆ. ನಗುವಿನಲ್ಲೂ ಗೊಣಗಾಟದಲ್ಲೂ ಒಂದು ಪ್ರಶ್ನೆ ಮಾತ್ರ ಕೇಳದೇ ಉಳಿದುಬಿಡುತ್ತದೆ: ಇದು ವಯಸ್ಸಿನ ಸಹಜ ಮರೆವೋ, ಇಲ್ಲವೇ ಮಿದುಳಿನೊಳಗೆ ಯಾವುದೋ ಕೊಂಡಿ ಸಡಿಲವಾಗುತ್ತಿರುವುದರ ಮೊದಲ ಸೂಚನೆಯೋ?

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಎದುರಿಗೆ ಸಿಕ್ಕವರ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದು, ಅರ್ಧ ಗಂಟೆಯ ನಂತರ ತಾನಾಗಿಯೇ ಹೊಳೆಯುವುದು ನಲವತ್ತರವರಿಗೂ ಉಂಟು. ಇದರಲ್ಲಿ ಹೆದರುವಂಥದ್ದೇನಿಲ್ಲ. ಆದರೆ ನಿನ್ನೆ ತಾನೇ ಹೋಗಿಬಂದ ಮದುವೆಯ ನೆನಪೇ ಇಲ್ಲದಿರುವುದು, ಜ್ಞಾಪಿಸಿದರೂ ನೆನಪಾಗದಿರುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುವುದು, ಇಂಥವು ತಿಂಗಳುಗಟ್ಟಲೆ ಮುಂದುವರಿದು ಹೆಚ್ಚುತ್ತಾ ಹೋದರೆ ವಿಷಯ ಬೇರೆ. ವೈದ್ಯರು ಇಂಥ ಸ್ಥಿತಿಗೆ ಒಂದು ಹೆಸರು ಕೊಟ್ಟಿದ್ದಾರೆ: ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್. ಚಿಕ್ಕದಾಗಿ ಎಂ.ಸಿ.ಐ. ಕನ್ನಡದಲ್ಲಿ ‘ಅರಿವಿನ ಸೌಮ್ಯ ದೌರ್ಬಲ್ಯ’ ಎನ್ನಬಹುದು.

ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮೇಯೊ ಕ್ಲಿನಿಕ್‌ನ ನರರೋಗ ತಜ್ಞ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಈ ಸ್ಥಿತಿಯ ಲಕ್ಷಣಗಳನ್ನು ಸ್ಪಷ್ಟವಾಗಿ ವಿಂಗಡಿಸಿ ಹೇಳಿದರು. ನೆನಪು ಕುಂದಿದೆ ಎಂಬ ದೂರು ಇರಬೇಕು. ಪರೀಕ್ಷೆ ಮಾಡಿ ನೋಡಿದಾಗ ಅದೇ ವಯಸ್ಸಿನ, ಅಷ್ಟೇ ಓದಿದ ಇತರರಿಗಿಂತ ನೆನಪು ನಿಜಕ್ಕೂ ಕಡಿಮೆ ಇರಬೇಕು. ಆದರೆ ಉಳಿದ ಬುದ್ಧಿಶಕ್ತಿ ಹೆಚ್ಚುಕಡಿಮೆ ನೆಟ್ಟಗಿರಬೇಕು. ದಿನನಿತ್ಯದ ವ್ಯವಹಾರವನ್ನು ಆ ವ್ಯಕ್ತಿ ತಾನೇ ನಡೆಸಿಕೊಂಡು ಹೋಗುವಂತಿರಬೇಕು. ಅಂದರೆ ಎಂ.ಸಿ.ಐ. ಇರುವವರು ಸಂತೆಗೆ ಹೋಗಿ ಬರುತ್ತಾರೆ, ಚಿಲ್ಲರೆ ಎಣಿಸುತ್ತಾರೆ, ಬಂದವರನ್ನು ಮಾತಾಡಿಸುತ್ತಾರೆ. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಜೊತೆಯಲ್ಲಿ ಬಾಳುವವರಿಗೆ ಮಾತ್ರ.

ದಿನದ ಕೆಲಸವೇ ನಡೆಯದಂತೆ ಆದಾಗ ಅದು ಡಿಮೆನ್ಷಿಯಾ, ನಮ್ಮ ಮಾತಿನ ಮರೆಗುಳಿ ರೋಗ. ಅದರಲ್ಲಿ ಹೆಚ್ಚಿನ ಪಾಲು ಆಲ್‌ಜೈಮರ್ಸ್ ಕಾಯಿಲೆಯದು. ಎಂ.ಸಿ.ಐ. ಇದೆಯೆಂದು ಆಸ್ಪತ್ರೆಗಳಲ್ಲಿ ಗುರುತಿಸಲಾದ ನೂರು ಜನರಲ್ಲಿ ವರ್ಷಕ್ಕೆ ಸುಮಾರು 10ರಿಂದ 15 ಮಂದಿ ಡಿಮೆನ್ಷಿಯಾದತ್ತ ಜಾರುತ್ತಾರೆ ಎಂಬುದು ತಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿರುವ ಲೆಕ್ಕ. ಈ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಆ ವರ್ಷ ಉಳಿದ 85-90 ಮಂದಿ ಜಾರುವುದಿಲ್ಲ. ಕೆಲವರು ವರ್ಷಗಟ್ಟಲೆ ಇದ್ದಲ್ಲೇ ಇರುತ್ತಾರೆ, ಕೆಲವರು ಮೊದಲಿನಂತಾಗುವುದೂ ಉಂಟು. ಆದ್ದರಿಂದ ಇದೊಂದು ಹೊಸ್ತಿಲು. ಹೊಸ್ತಿಲ ಮೇಲೆ ನಿಂತವರೆಲ್ಲ ಒಳಗೇ ಹೋಗಬೇಕೆಂದಿಲ್ಲ.

ಹಾಗಾದರೆ ಈ ಹೊಸ್ತಿಲಲ್ಲಿ ಮಿದುಳಿನೊಳಗೆ ಆಗುತ್ತಿರುವುದೇನು? ಇದಕ್ಕೆ ಉತ್ತರ ಹುಡುಕುತ್ತಾ ಹೋದ ವಿಜ್ಞಾನಿಗಳಿಗೆ ಕಂಡದ್ದು ಬಿಡಿ ಕೋಶಗಳ ಕಥೆಯಲ್ಲ, ಇಡೀ ಬಲೆಯ ಕಥೆ.

ಬಿಡಿ ಕೋಶವಲ್ಲ, ಬಲೆ

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಅದರಲ್ಲಿರುವ ನರಕೋಶಗಳ ಸಂಖ್ಯೆ ಸುಮಾರು 8,600 ಕೋಟಿ. ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಕಟ್ಟುವ ಉಪಾಯ ಕಂಡುಹಿಡಿದ. ಅದೇ ಉಪಾಯವನ್ನು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಾಹಾಲ್ ಇನ್ನಷ್ಟು ಪಳಗಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೆಲ್ಲ ಕೈಯಾರೆ ಚಿತ್ರ ಬರೆದ. ನರಕೋಶಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಒಂದೇ ಜಾಲ ಎಂದು ಗಾಲ್ಜಿ ನಂಬಿದ್ದ. ಅಲ್ಲ, ಪ್ರತಿಯೊಂದೂ ಬೇರೆ ಬೇರೆ ಕೋಶ, ಅವು ಒಂದರ ಪಕ್ಕ ಒಂದು ಬಂದು ಸಂಕೇತ ದಾಟಿಸುತ್ತವೆ ಎಂದು ಕಾಹಾಲ್ ವಾದಿಸಿದ. ತಮಾಷೆಯೆಂದರೆ 1906ರ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಿ ಕೊಡಲಾಯಿತು. ಗೆದ್ದದ್ದು ಕಾಹಾಲನ ವಾದ. ಆದರೆ ಕೋಶಗಳು ಬೇರೆ ಬೇರೆಯಾದರೂ ಅವುಗಳ ಕೆಲಸ ಮಾತ್ರ ಬಲೆಯದೇ.

ಒಂದು ನರಕೋಶದ ತಂತು ಇನ್ನೊಂದರ ಹತ್ತಿರ ಬಂದು ನಿಲ್ಲುವ ಜಾಗವೇ ಸಿನಾಪ್ಸ್, ಅಂದರೆ ನರಸಂಧಿ. ಅಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣದಾದ ಸಂದು ಇದೆ. ಆ ಸಂದನ್ನು ರಾಸಾಯನಿಕಗಳು ದಾಟಿ ಸುದ್ದಿ ಮುಟ್ಟಿಸುತ್ತವೆ. ದೂರದ ಭಾಗಗಳಿಗೆ ಸುದ್ದಿ ಒಯ್ಯುವ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಗೆ ರಬ್ಬರಿನ ಕವಚ ಇದ್ದ ಹಾಗೆ. ಈ ಹೊದಿಕೆಯ ಬಣ್ಣದಿಂದಾಗಿಯೇ ಆ ಭಾಗಕ್ಕೆ ‘ಬಿಳಿ ದ್ರವ್ಯ’ ಎಂಬ ಹೆಸರು. ಯೌವನದಲ್ಲಿ ಒಬ್ಬನ ಮಿದುಳಿನ ಇಂಥ ತಂತುಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಅವು ಭೂಮಿಯನ್ನು ಮೂರು ಸುತ್ತು ಸುತ್ತಿ ಮಿಗುತ್ತವೆ.

ಇಷ್ಟೊಂದು ತಂತಿಗಳನ್ನು ಮಿದುಳು ಹೇಗೆಂದರೆ ಹಾಗೆ ಎಳೆದಿಲ್ಲ. ರೈಲುದಾರಿಯ ನಕ್ಷೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಲ್ಲ ನಿಲ್ದಾಣಗಳಿಂದ ಎಲ್ಲ ನಿಲ್ದಾಣಗಳಿಗೂ ನೇರ ದಾರಿ ಇರುವುದಿಲ್ಲ. ಅರಸೀಕೆರೆ, ಹುಬ್ಬಳ್ಳಿಗಳಂಥ ಕೆಲವು ಜಂಕ್ಷನ್ನುಗಳಿರುತ್ತವೆ. ಅಲ್ಲಿಗೆ ಬಂದರೆ ಯಾವ ಕಡೆಗಾದರೂ ಹೋಗಬಹುದು. 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗ್ಯಾಟ್ಸ್ ಎಂಬ ಗಣಿತಜ್ಞರು ಇಂಥ ಜಾಲಗಳ ಗಣಿತವನ್ನು ಬಿಡಿಸಿಟ್ಟರು. ಅಕ್ಕಪಕ್ಕದವರೊಡನೆ ಒತ್ತಾದ ಸಂಬಂಧ, ಜೊತೆಗೆ ಕೆಲವೇ ಕೆಲವು ದೂರದ ಕೊಂಡಿಗಳು, ಇಷ್ಟಿದ್ದರೆ ಎಲ್ಲಿಂದ ಎಲ್ಲಿಗಾದರೂ ನಾಲ್ಕಾರು ಹೆಜ್ಜೆಗಳಲ್ಲಿ ತಲುಪಬಹುದು. ಇದಕ್ಕೆ ಅವರಿಟ್ಟ ಹೆಸರು ‘ಪುಟ್ಟ ಜಗತ್ತಿನ ಜಾಲ’. ಕೇವಲ 302 ನರಕೋಶಗಳಿರುವ, ಒಂದು ಮಿಲಿಮೀಟರ್ ಉದ್ದದ ಒಂದು ದುಂಡುಹುಳುವಿನ ನರಮಂಡಲವೂ ಇದೇ ಬಗೆಯದೆಂದು ಅವರು ತೋರಿಸಿದರು. ಮನುಷ್ಯನ ಮಿದುಳೂ ಹಾಗೆಯೇ ಎಂದು ನಂತರದ ವರ್ಷಗಳಲ್ಲಿ ತಿಳಿಯಿತು. ಅಗ್ಗದಲ್ಲಿ ಹೆಚ್ಚು ಸಂಪರ್ಕ ಸಿಗುವ ಏರ್ಪಾಡು ಇದು. ಆದರೆ ಇದರಲ್ಲೊಂದು ಅಪಾಯವೂ ಉಂಟು. ಸಣ್ಣ ನಿಲ್ದಾಣ ಮುಚ್ಚಿದರೆ ಒಂದೂರಿಗೆ ತೊಂದರೆ; ಜಂಕ್ಷನ್ ಕೆಟ್ಟರೆ ಸೀಮೆಗೇ ತೊಂದರೆ.

ಸುಮ್ಮನಿದ್ದಾಗಲೂ ಸುಮ್ಮನಿರದು

ಜೀವಂತ ಮನುಷ್ಯನ ತಲೆ ಸೀಳದೆ ಈ ಬಲೆಯನ್ನು ನೋಡುವುದು ಹೇಗೆ? ದಾರಿ ತೋರಿಸಿದ್ದು ನಮ್ಮ ರಕ್ತದ ಹಿಮೋಗ್ಲೋಬಿನ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್‌ಗೂ ಕಾಂತಗುಣದಲ್ಲಿ ವ್ಯತ್ಯಾಸವಿದೆ. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ತಾಜಾ ರಕ್ತ ನುಗ್ಗುತ್ತದೆ. ಆ ವ್ಯತ್ಯಾಸವನ್ನು ಎಂ.ಆರ್.ಐ. ಯಂತ್ರದಲ್ಲಿ ಹಿಡಿಯಬಹುದೆಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ಸೈಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟರು. ಇದೇ ಫಂಕ್ಷನಲ್ ಎಂ.ಆರ್.ಐ.

ಮೊದಮೊದಲು ಎಲ್ಲರೂ ನೋಡಿದ್ದು ಕೆಲಸ ಮಾಡುವ ಮಿದುಳನ್ನು. ಬೆರಳಾಡಿಸಿ, ಚಿತ್ರ ನೋಡಿ, ಲೆಕ್ಕ ಮಾಡಿ ಎಂದು ಹೇಳಿ ಯಾವ ಭಾಗ ಬೆಳಗುತ್ತದೆಂದು ಗುರುತು ಹಾಕಿಕೊಳ್ಳುತ್ತಿದ್ದರು. 1995ರಲ್ಲಿ ಮಿಲ್ವಾಕಿಯ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ ಮತ್ತು ಜೊತೆಯವರು ಬೇರೊಂದು ವಿಷಯ ವರದಿ ಮಾಡಿದರು. ಜನ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಎಡಗೈಯನ್ನು ಆಳುವ ಭಾಗ ಮತ್ತು ಬಲಗೈಯನ್ನು ಆಳುವ ಭಾಗ ಎರಡೂ ಒಟ್ಟೊಟ್ಟಿಗೆ ಏರುತ್ತಾ ಇಳಿಯುತ್ತಾ ಇದ್ದವು. ಈ ಏರಿಳಿತ ಬಲು ನಿಧಾನ, ಒಂದು ಸುತ್ತಿಗೆ ಹತ್ತು ಸೆಕೆಂಡಿಗೂ ಹೆಚ್ಚು. ಯಂತ್ರದ ಗದ್ದಲ ಎಂದು ಅನೇಕರು ತಳ್ಳಿಹಾಕಬಹುದಾಗಿದ್ದ ಈ ಸದ್ದಿನಲ್ಲಿ ಮಿದುಳಿನ ಭಾಗಗಳು ಪರಸ್ಪರ ಸಂಪರ್ಕದಲ್ಲಿರುವ ಗುಟ್ಟು ಅಡಗಿತ್ತು. ಎರಡು ಭಾಗಗಳ ಏರಿಳಿತ ತಾಳ ತಪ್ಪದೆ ಒಟ್ಟಿಗೆ ಸಾಗಿದರೆ ಅವುಗಳ ನಡುವೆ ಸಂಪರ್ಕ ಗಟ್ಟಿ ಎಂದರ್ಥ. ತಾಳ ತಪ್ಪಿದರೆ ಸಂಪರ್ಕ ಸಡಿಲ.

2001ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಹೋದ್ಯೋಗಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲಸ ಕೊಟ್ಟಾಗ ತಣ್ಣಗಾಗುವ, ಸುಮ್ಮನೆ ಬಿಟ್ಟಾಗ ಚುರುಕಾಗುವ ಕೆಲವು ಭಾಗಗಳು ಮಿದುಳಿನಲ್ಲಿವೆ ಎಂದು ಅವರು ವಿವರಿಸಿದರು. ಹಣೆಯ ಹಿಂದೆ ಒಂದು, ತಲೆಯ ಹಿಂಬದಿಯ ನಡುಗೆರೆಯಲ್ಲಿ ಇನ್ನೊಂದು, ಕಿವಿಗಳ ಮೇಲುಹಿಂಬದಿಯಲ್ಲಿ ಮತ್ತೆರಡು. ಇವೆಲ್ಲ ಸೇರಿದ ಜಾಲಕ್ಕೆ ‘ಡೀಫಾಲ್ಟ್ ಮೋಡ್ ನೆಟ್‌ವರ್ಕ್’ ಎಂದು ಹೆಸರು ಬಂತು. ‘ವಿರಾಮಜಾಲ’ ಎಂದು ಕರೆದರೆ ತಪ್ಪಾಗದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇರುವ ಮಿದುಳು ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ತಿನ್ನುತ್ತದೆ. ಗಮನವಿಟ್ಟು ಒಂದು ಕೆಲಸ ಮಾಡುವಾಗ ಹೆಚ್ಚಾಗುವ ಖರ್ಚು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಈ ಒಳಗಿನ ನಿರಂತರ ವ್ಯವಹಾರಕ್ಕೆ.

ಸುಮ್ಮನೆ ಕುಳಿತಾಗ ಮನಸ್ಸು ಏನು ಮಾಡುತ್ತದೆ? ಹಳೆಯದನ್ನು ಮೆಲುಕು ಹಾಕುತ್ತದೆ, ನಾಳೆಯದನ್ನು ಯೋಚಿಸುತ್ತದೆ, ಯಾರು ಏನೆಂದುಕೊಂಡರೋ ಎಂದು ಲೆಕ್ಕ ಹಾಕುತ್ತದೆ. ವಿರಾಮಜಾಲದ ಕೆಲಸ ಇದೇ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಅಂಗ ಈ ಜಾಲದೊಡನೆ ನಿಕಟ ಸಂಪರ್ಕ ಇಟ್ಟುಕೊಂಡಿರುತ್ತದೆ. ಕಡಲ್ಗುದುರೆಯ ಆಕಾರದ ಆ ಅಂಗ ಕಿವಿಯ ನೇರಕ್ಕೆ ಒಳಗೆ, ಎರಡೂ ಬದಿಯಲ್ಲಿ ಇದೆ.

ಮೊದಲು ಸಡಿಲುವ ಕೊಂಡಿ

ಗಾಲ್ಜಿ, ಕಾಹಾಲರಿಗೆ ನೊಬೆಲ್ ಬಂದ ವರ್ಷವೇ, ಅಂದರೆ 1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಆಲೋಯಿಸ್ ಆಲ್‌ಜೈಮರ್ ಎಂಬ ವೈದ್ಯ ಒಂದು ಭಾಷಣ ಮಾಡಿದ. ಐವತ್ತೊಂದನೆಯ ವಯಸ್ಸಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆ ಸೇರಿ, ಐವತ್ತೈದರಲ್ಲಿ ತೀರಿಕೊಂಡ ಆಗಸ್ಟೆ ಡೇಟರ್ ಎಂಬ ಹೆಂಗಸಿನ ಮಿದುಳನ್ನು ಆತ ಮ್ಯೂನಿಕ್‌ನಲ್ಲಿ ಪರೀಕ್ಷಿಸಿದ್ದ. ಕೋಶಗಳ ಹೊರಗೆ ಮಡ್ಡಿಯಂಥ ಗಂಟುಗಳು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡಿದ್ದವು. ಗಂಟುಗಳಲ್ಲಿರುವುದು ಅಮಿಲಾಯ್ಡ್, ಸಿಕ್ಕಿನಲ್ಲಿರುವುದು ಟಾವ್ ಎಂಬ ಪ್ರೊಟೀನ್ ಎಂದು ತಿಳಿಯಲು ಮುಂದೆ ಬಹುಕಾಲ ಹಿಡಿಯಿತು.

ಅದೇ ಮ್ಯೂನಿಕ್ ನಗರದಲ್ಲಿ, ಸುಮಾರು ನೂರು ವರ್ಷಗಳ ನಂತರ, 2007ರಲ್ಲಿ ಕ್ರಿಶ್ಚಿಯನ್ ಸೋರ್ಗ್ ಮತ್ತು ಸಂಗಡಿಗರು ನೆನಪು ಕುಂದಿದ ಎಂ.ಸಿ.ಐ. ರೋಗಿಗಳನ್ನು ಫಂಕ್ಷನಲ್ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದರು. ಆರೋಗ್ಯವಂತ ಹಿರಿಯರಲ್ಲಿ ಹಿಪೊಕ್ಯಾಂಪಸ್ಸಿಗೂ ವಿರಾಮಜಾಲದ ಹಿಂಬದಿಯ ಕೇಂದ್ರಕ್ಕೂ ಇದ್ದ ತಾಳಮೇಳ ಈ ರೋಗಿಗಳಲ್ಲಿ ಕಾಣಲಿಲ್ಲ. ಅದಕ್ಕೂ ಮುಂಚೆ, 2004ರಲ್ಲಿ, ಸ್ಟ್ಯಾನ್‌ಫರ್ಡಿನ ಮೈಕೆಲ್ ಗ್ರೈಸಿಯಸ್ ಅವರ ತಂಡ ಆಲ್‌ಜೈಮರ್ಸ್ ರೋಗಿಗಳಲ್ಲಿ ಇದೇ ಜಾಲ ದುರ್ಬಲವಾಗಿರುವುದನ್ನು ತೋರಿಸಿತ್ತು. ಪೂರ್ಣ ರೋಗದಲ್ಲಿ ಕಂಡ ಬಿರುಕು ಹೊಸ್ತಿಲಿನಲ್ಲೇ ಶುರುವಾಗಿರುತ್ತದೆ ಎಂಬುದು ಎರಡನ್ನೂ ಜೋಡಿಸಿ ನೋಡಿದಾಗ ತಿಳಿಯುವ ಸಂಗತಿ.

ಹಿಂಬದಿಯ ಆ ಕೇಂದ್ರಕ್ಕೆ ಸಿಂಗ್ಯುಲೇಟ್ ಎಂದು ಹೆಸರು. ಮಿದುಳಿನ ದೊಡ್ಡ ಜಂಕ್ಷನ್ನುಗಳಲ್ಲಿ ಅದೂ ಒಂದು. ಅಲ್ಲಿಂದ ಹಿಪೊಕ್ಯಾಂಪಸ್ ಇರುವ ಕಡೆಗೆ ಸಿಂಗ್ಯುಲಮ್ ಎಂಬ ನರತಂತುಗಳ ಕಟ್ಟು ಬಾಗಿ ಇಳಿಯುತ್ತದೆ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ಸೊಂಟಪಟ್ಟಿ ಎಂದರ್ಥ. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸರಾಗವಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುತ್ತವೆ ಎಂಬ ತತ್ತ್ವ ಹಿಡಿದು ಇಂಥ ಕಟ್ಟುಗಳ ಆರೋಗ್ಯವನ್ನು ಅಳೆಯುವ ಎಂ.ಆರ್.ಐ. ವಿಧಾನವೊಂದಿದೆ. ಅದರಲ್ಲಿ ನೋಡಿದಾಗ ಎಂ.ಸಿ.ಐ. ಹಂತದಲ್ಲೇ ಸಿಂಗ್ಯುಲಮ್ ಕಟ್ಟು ಶಿಥಿಲವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಮಾತುಕತೆಯೂ ಕಡಿಮೆ, ತಂತಿಯೂ ಸವೆದಿದೆ.

ಅಮಿಲಾಯ್ಡ್ ಗಂಟುಗಳು ಮೊದಲು ಎಲ್ಲಿ ಕೂರುತ್ತವೆ? 2005ರಲ್ಲಿ ರ್‍ಯಾಂಡಿ ಬಕ್ನರ್ ಮತ್ತು ಜೊತೆಗಾರರು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಗಂಟುಗಳ ಜಾಗ ಮತ್ತು ವಿರಾಮಜಾಲದ ಜಾಗ ಬಹುಮಟ್ಟಿಗೆ ಒಂದೇ ಆಗಿತ್ತು. ಹಗಲಿರುಳು ದುಡಿಯುವ ಜಂಕ್ಷನ್ನುಗಳಿಗೇ ಹೆಚ್ಚು ಸವೆತ. ಟಾವ್ ಸಿಕ್ಕುಗಳು ಮಾತ್ರ ಹಿಪೊಕ್ಯಾಂಪಸ್ಸಿನ ಬಾಗಿಲಿನಂತಿರುವ ಭಾಗದಲ್ಲಿ ಮೊದಲು ಹುಟ್ಟುತ್ತವೆ ಎಂದು ಜರ್ಮನಿಯ ಬ್ರಾಕ್ ದಂಪತಿಗಳು 1991ರಲ್ಲೇ ತೋರಿಸಿದ್ದರು. ಹೀಗೆ ಕೊಂಡಿಯ ಎರಡೂ ತುದಿಗಳಿಗೆ ಪೆಟ್ಟು ಬೀಳುತ್ತದೆ. ನೆನಪಿನ ಶಕ್ತಿ ಎಷ್ಟು ಕುಂದಿದೆ ಎಂಬುದಕ್ಕೂ ಎಷ್ಟು ನರಸಂಧಿಗಳು ನಾಶವಾಗಿವೆ ಎಂಬುದಕ್ಕೂ ಇರುವಷ್ಟು ಹತ್ತಿರದ ಸಂಬಂಧ, ಗಂಟುಗಳ ಸಂಖ್ಯೆಗೂ ಮರೆವಿಗೂ ಇಲ್ಲ.

ಹೆಚ್ಚು ದುಡಿಯುವ ಭಾಗಗಳು

ಇಷ್ಟೇ ಆಗಿದ್ದರೆ ಕಥೆ ಸರಳವಿತ್ತು. ಆದರೆ ಎಂ.ಸಿ.ಐ. ಇರುವವರ ಮಿದುಳಿನಲ್ಲಿ ಎಲ್ಲ ಸಂಪರ್ಕಗಳೂ ಇಳಿಮುಖವಾಗಿರುವುದಿಲ್ಲ. ಕೆಲವು ಏರಿರುತ್ತವೆ! ಹಿಂಬದಿಯ ಕೊಂಡಿ ಸಡಿಲವಾದಾಗ ಹಣೆಯ ಹಿಂದಿನ ಭಾಗಗಳ ನಡುವೆ ಸಂಪರ್ಕ ಹೆಚ್ಚುವುದನ್ನು ಹಲವು ತಂಡಗಳು ಗಮನಿಸಿವೆ. 2005ರಲ್ಲಿ ಬಾಸ್ಟನ್ನಿನ ಬ್ರಾಡ್‌ಫರ್ಡ್ ಡಿಕರ್ಸನ್ ಮತ್ತಿತರರು, ಹೊಸದೊಂದನ್ನು ನೆನಪಿಡುವ ಕೆಲಸ ಕೊಟ್ಟಾಗ ಎಂ.ಸಿ.ಐ. ಇದ್ದವರ ಹಿಪೊಕ್ಯಾಂಪಸ್ ಆರೋಗ್ಯವಂತರದ್ದಕ್ಕಿಂತ ಹೆಚ್ಚು ಉರಿಯುತ್ತದೆಂದು ಕಂಡರು. ರೋಗ ಬಲಿತವರಲ್ಲಿ ಮಾತ್ರ ಅದು ತಣ್ಣಗಾಗಿತ್ತು.

ಇದನ್ನು ಕೆಲವರು ಪರಿಹಾರದ ಯತ್ನ ಎಂದು ವ್ಯಾಖ್ಯಾನಿಸಿದರು. ಒಂದು ಕಾಲು ಕುಂಟಾದಾಗ ಇನ್ನೊಂದು ಕಾಲು ಭಾರ ಹೊತ್ತ ಹಾಗೆ. ಇನ್ನು ಕೆಲವರು ಅನುಮಾನಪಟ್ಟರು. ನರಕೋಶಗಳು ಹೆಚ್ಚು ದುಡಿದಷ್ಟೂ ಹೆಚ್ಚು ಅಮಿಲಾಯ್ಡ್ ಹೊರಬೀಳುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ಹೇಳುತ್ತಿದ್ದವು. ಹಾಗಿದ್ದರೆ ಈ ದುಡಿತವೇ ಮುಂದಿನ ಹಾನಿಗೆ ದಾರಿಯಾಗಬಹುದಲ್ಲವೇ? 2012ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು ಮೂರ್ಛೆರೋಗಕ್ಕೆ ಕೊಡುವ ಒಂದು ಔಷಧಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ಎಂ.ಸಿ.ಐ. ರೋಗಿಗಳಿಗೆ ಕೊಟ್ಟು ನೋಡಿತು. ಹಿಪೊಕ್ಯಾಂಪಸ್ಸಿನ ಅತಿ ಉರಿತ ಇಳಿಯಿತು, ನೆನಪಿನ ಪರೀಕ್ಷೆಯಲ್ಲಿ ಅವರು ಸುಧಾರಿಸಿದರು. ಕಡಿಮೆ ಜನರ ಮೇಲೆ, ಅಲ್ಪ ಅವಧಿಗೆ ಮಾಡಿದ ಪರೀಕ್ಷೆ ಇದು. ಅಂಗಡಿಯಿಂದ ಆ ಗುಳಿಗೆ ತಂದು ನುಂಗಲು ಇದು ಆಧಾರವಲ್ಲ. ಆದರೆ ಅತಿ ದುಡಿತವೆಲ್ಲ ಒಳ್ಳೆಯದಕ್ಕೇ ಅಲ್ಲ ಎಂಬುದಕ್ಕೆ ಅದು ಒಳ್ಳೆಯ ಸುಳಿವು.

2016ರಲ್ಲಿ ಮೇಯೊ ಕ್ಲಿನಿಕ್‌ನ ಡೇವಿಡ್ ಜೋನ್ಸ್ ಮತ್ತು ಸಹೋದ್ಯೋಗಿಗಳು ಇದನ್ನೆಲ್ಲ ಒಂದು ಸರಪಳಿಯಲ್ಲಿ ಪೋಣಿಸಿದರು. ವಿರಾಮಜಾಲದ ಹಿಂಬದಿ ಮೊದಲು ಕೈ ಚೆಲ್ಲುತ್ತದೆ. ಅದರ ಹೊರೆ ಇತರ ಕೇಂದ್ರಗಳ ಮೇಲೆ ಬೀಳುತ್ತದೆ. ಕೆಲಕಾಲ ಅವು ತಡೆಯುತ್ತವೆ. ಕೊನೆಗೆ ಅವೂ ಸೋಲುತ್ತವೆ. ಇದನ್ನು ಅವರು ವಿದ್ಯುತ್ ಜಾಲದ ಕುಸಿತಕ್ಕೆ ಹೋಲಿಸಿದರು.

ನಮ್ಮ ದೇಶದವರಿಗೆ ಈ ಹೋಲಿಕೆ ಚೆನ್ನಾಗಿ ಅರ್ಥವಾಗಬೇಕು. 2012ರ ಜುಲೈ 30ರಂದು ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರ್‌ಗೆ ಹೋಗುವ 400 ಕಿಲೋವೋಲ್ಟ್ ಮಾರ್ಗ ಕಡಿದುಕೊಂಡಿತು. ಅದರ ಹೊರೆ ಬೇರೆ ಮಾರ್ಗಗಳಿಗೆ ಹರಿಯಿತು, ಅವೂ ಒಂದೊಂದಾಗಿ ಕಡಿದುಕೊಂಡವು, ಉತ್ತರ ಭಾರತ ಕತ್ತಲಾಯಿತು. ಮರುದಿನ ಪೂರ್ವ, ಈಶಾನ್ಯ ರಾಜ್ಯಗಳೂ ಸೇರಿ ಸುಮಾರು 60 ಕೋಟಿ ಜನರಿರುವ ಪ್ರದೇಶಕ್ಕೆ ವಿದ್ಯುತ್ ಇಲ್ಲವಾಯಿತು. ಆಗ ದಕ್ಷಿಣದ ಜಾಲ ಪ್ರತ್ಯೇಕವಾಗಿದ್ದುದರಿಂದ ಕರ್ನಾಟಕ ಪಾರಾಯಿತು. ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಅದು ದೇಶದ ಜಾಲವನ್ನು ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು. ವಿದ್ಯುತ್ ಜಾಲ ಗಂಟೆಗಳಲ್ಲಿ ಕುಸಿಯಿತು. ಮಿದುಳಿನ ಜಾಲಕ್ಕೆ ವರ್ಷಗಳೇ ಬೇಕು. ಆ ವರ್ಷಗಳೇ ನಮಗಿರುವ ಅವಕಾಶ.

ಒಂದೇ ಗಾಯ, ಬೇರೆ ಗತಿ

ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 1986ರಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನವೊಂದನ್ನು ಆರಂಭಿಸಿದರು. ಅದರಲ್ಲಿ ಭಾಗವಹಿಸಿದ 678 ಮಂದಿ ತಮ್ಮ ಮಿದುಳನ್ನು ಮರಣಾನಂತರ ದಾನ ಮಾಡಲು ಒಪ್ಪಿದ್ದರು. ಅವರಲ್ಲಿ ಸಿಸ್ಟರ್ ಮೇರಿ ಎಂಬಾಕೆ 101 ವರ್ಷ ಬದುಕಿ, ಕೊನೆಯವರೆಗೂ ಬುದ್ಧಿ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದಿದ್ದರು. ಮಿದುಳನ್ನು ತೆಗೆದು ನೋಡಿದಾಗ ಅದರ ತುಂಬ ಗಂಟುಗಳು, ಸಿಕ್ಕುಗಳು! ಗಾಯ ಇತ್ತು, ಕುಂಟು ಇರಲಿಲ್ಲ. ಇದನ್ನು ವಿವರಿಸಲು ವಿಜ್ಞಾನಿಗಳು ‘ಅರಿವಿನ ಮೀಸಲು’ ಎಂಬ ಮಾತು ಬಳಸುತ್ತಾರೆ. ಜೀವನವಿಡೀ ಓದು, ಕಸುಬು, ಒಡನಾಟಗಳಿಂದ ಹೆಚ್ಚು ದಾರಿಗಳನ್ನು ಕಟ್ಟಿಕೊಂಡ ಮಿದುಳಿಗೆ ಒಂದು ದಾರಿ ಮುಚ್ಚಿದರೆ ಬಳಸುದಾರಿ ಸಿಗುತ್ತದೆ.

ಈ ಮೀಸಲು ಓದಿದವರ ಸ್ವತ್ತು ಮಾತ್ರವಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ, ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ಅಂತರ ಇತ್ತು ಎಂಬುದು ಇದರ ವಿಶೇಷ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಸಂತೆಯಲ್ಲಿ ಒಂದು ಮಾತು ಆಡುವ ನಮ್ಮ ಗಡಿ ಜಿಲ್ಲೆಗಳ ಜನರು ಗಮನಿಸಬೇಕಾದ ಸಂಗತಿ ಇದು.

ಶ್ರೀನಿವಾಸಪುರದ ಹಳ್ಳಿಗಳು

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಆದರೆ ಈ ವಿಷಯದಲ್ಲಿ ಜಗತ್ತಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಬಂದದ್ದು ಶ್ರೀಮಂತ ದೇಶಗಳ, ಓದಿದ ಜನರಿಂದ. ಈ ಕೊರತೆ ತುಂಬಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ರಕ್ತ, ನೆನಪು, ನಡಿಗೆ, ಕಿವಿ, ಎಂ.ಆರ್.ಐ. ಎಲ್ಲವನ್ನೂ ಕಾಲಕಾಲಕ್ಕೆ ನೋಡಲಾಗುತ್ತದೆ. ಮಾವಿನ ತೋಟದ ರೈತನ ಮಿದುಳಿನ ಬಲೆ ಹೇಗೆ ಮುಪ್ಪಾಗುತ್ತದೆಂದು ತಿಳಿಯಬೇಕಾದರೆ ಆತನನ್ನೇ ಕೇಳಬೇಕಲ್ಲವೇ?

ಪರೀಕ್ಷೆಯ ಭಾಷೆಯದೂ ಒಂದು ತೊಡಕು. ಅಕ್ಷರ ಬಾರದ ಅಜ್ಜಿಗೆ ವಾಕ್ಯ ಬರೆಯಿರಿ ಎಂದರೆ ಆಕೆ ಸೋಲುವುದು ಮರೆವಿನಿಂದಲ್ಲ. ಇದನ್ನರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿದೆ.

ಸ್ಕ್ಯಾನ್ ಹೇಳುವುದು, ಹೇಳದಿರುವುದು

ಹಾಗಾದರೆ ಅಪ್ಪನನ್ನು ಕರೆದುಕೊಂಡು ಹೋಗಿ ಒಂದು ಸ್ಕ್ಯಾನ್ ಮಾಡಿಸಿದರೆ ಎಲ್ಲ ತಿಳಿಯುತ್ತದೆಯೇ? ಇಲ್ಲ. ಸಂಪರ್ಕದ ನಕ್ಷೆಗಳು ನೂರಾರು ಜನರ ಸರಾಸರಿಯಿಂದ ಬಂದವು. ಒಬ್ಬ ವ್ಯಕ್ತಿಯ ನಕ್ಷೆ ನೋಡಿ ಭವಿಷ್ಯ ಹೇಳುವಷ್ಟು ನಿಖರತೆ ಅವಕ್ಕಿಲ್ಲ. ನಿದ್ದೆ ತೂಗಿದರೆ, ತಲೆ ಅಲುಗಿದರೆ ನಕ್ಷೆ ಬದಲಾಗುತ್ತದೆ. ವೈದ್ಯರು ಸಾಮಾನ್ಯ ಎಂ.ಆರ್.ಐ. ಮಾಡಿಸುವುದು ಗಡ್ಡೆ, ಪಾರ್ಶ್ವವಾಯುವಿನ ಗುರುತು, ಹಿಪೊಕ್ಯಾಂಪಸ್ಸಿನ ಕುಗ್ಗುವಿಕೆ ಇವನ್ನು ನೋಡಲು.

ಅದಕ್ಕಿಂತ ಮೊದಲು ನೋಡಬೇಕಾದ ಅಗ್ಗದ ಸಂಗತಿಗಳಿವೆ. ಬಿ-12 ಜೀವಸತ್ವದ ಕೊರತೆಯಿಂದ ಮರೆವು ಬರುತ್ತದೆ. ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಥೈರಾಯ್ಡ್ ಗ್ರಂಥಿ ಮಂದವಾದರೆ ಬುದ್ಧಿಯೂ ಮಂದವಾಗುತ್ತದೆ. ಸಂಗಾತಿ ತೀರಿಕೊಂಡ ಮೇಲೆ ಆವರಿಸುವ ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು. ನಿದ್ದೆ ಮಾತ್ರೆ, ನೆಗಡಿ ಮತ್ತು ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ನೆನಪನ್ನು ಮಸುಕು ಮಾಡುತ್ತವೆ. ಕಿವಿ ಕೇಳಿಸದಿದ್ದರೆ ಹೇಳಿದ್ದು ತಲೆಗೆ ಹೋಗುವುದಾದರೂ ಹೇಗೆ? ಇವೆಲ್ಲ ಸರಿಪಡಿಸಬಹುದಾದವು. ಎಂ.ಸಿ.ಐ. ಇದ್ದವರಲ್ಲಿ ಕೆಲವರು ಮೊದಲಿನಂತಾಗುವುದಕ್ಕೆ ಇಂಥ ಕಾರಣಗಳೂ ಇವೆ.

ಆಲ್‌ಜೈಮರ್ಸ್‌ನ ಆರಂಭ ಹಂತಕ್ಕೆಂದು ಲೆಕಾನೆಮಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 1,795 ಜನರ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಅದು ಇಳಿಕೆಯ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ನಿಲ್ಲಿಸಲಿಲ್ಲ, ತಗ್ಗಿಸಿತು. ಕೆಲವರಲ್ಲಿ ಮಿದುಳಿನ ಊತ, ಸಣ್ಣ ರಕ್ತಸ್ರಾವ ಆಗುವುದರಿಂದ ಪದೇ ಪದೇ ಎಂ.ಆರ್.ಐ. ಮಾಡಿಸುತ್ತಿರಬೇಕು. ಇದಕ್ಕಿಂತ ಎಲ್ಲರ ಕೈಗೆಟುಕುವ ಮಾತೆಂದರೆ, 2024ರ ಲ್ಯಾನ್ಸೆಟ್ ಆಯೋಗದ ವರದಿಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಕಿವುಡು, ದೃಷ್ಟಿದೋಷ, ಒಂಟಿತನ, ಮಾಲಿನ್ಯ ಮೊದಲಾದ 14 ಅಂಶಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದು ಹೇಳುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ವರ್ಷವಿಡೀ ಬಿರುಸಾಗಿ ನಡೆದಾಡಿದ ಹಿರಿಯರ ಹಿಪೊಕ್ಯಾಂಪಸ್ ಸುಮಾರು ನೂರಕ್ಕೆ ಎರಡರಷ್ಟು ದೊಡ್ಡದಾಗಿತ್ತು. ವಯಸ್ಸಾದಂತೆ ಅದು ಕುಗ್ಗುವುದೇ ವಾಡಿಕೆ ಎಂಬುದನ್ನು ನೆನೆದರೆ ಈ ಎರಡರ ಬೆಲೆ ತಿಳಿಯುತ್ತದೆ.

ಕೇಳಿ ಮಾಡುವುದು

ಮನೆಯವರಿಗೆ ಕೊನೆಯ ಮಾತು. ಹಿರಿಯರ ಮರೆವು ಹೆಚ್ಚುತ್ತಿದೆ ಎನಿಸಿದರೆ ಏನೇನು, ಯಾವಾಗಿನಿಂದ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿಯೊಂದಿಗೆ ವೈದ್ಯರಲ್ಲಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ. ದೂರದ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು. ಮಾತ್ರೆಗಳಿಗೆ ವಾರದ ಡಬ್ಬಿ, ಗೋಡೆಗೆ ದೊಡ್ಡಕ್ಷರದ ಕ್ಯಾಲೆಂಡರ್, ಕೀಲಿಗೆ ಒಂದೇ ಮೊಳೆ, ಇಂಥ ಸಣ್ಣ ಏರ್ಪಾಡುಗಳು ದೊಡ್ಡ ಗಾಬರಿಗಳನ್ನು ತಪ್ಪಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಂ.ಸಿ.ಐ. ಹಂತದಲ್ಲಿರುವವರು ತಮ್ಮ ಮನಸ್ಸಿನಲ್ಲಿರುವುದನ್ನು ಸ್ಪಷ್ಟವಾಗಿ ಹೇಳಬಲ್ಲರು. ಜಮೀನು ಯಾರಿಗೆ, ಬ್ಯಾಂಕಿನ ಹಣ ಹೇಗೆ, ಮುಂದೆ ಕೈಲಾಗದಾಗ ಯಾರ ಮನೆಯಲ್ಲಿ ಇರುವುದು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಅವರೇ ತೀರ್ಮಾನಿಸುವ ಶಕ್ತಿ ಸಾಮಾನ್ಯವಾಗಿ ಉಳಿದಿರುತ್ತದೆ. ಬೆನ್ನ ಹಿಂದೆ ಸಹಿ ಮಾಡಿಸಿಕೊಳ್ಳುವ ಬದಲು ಎದುರು ಕೂತು ಕೇಳುವುದಕ್ಕೆ ಇದೇ ತಕ್ಕ ಸಮಯ. ಅವರು ಒಂದೇ ಮಾತನ್ನು ಎರಡು ಸಲ ಹೇಳಬಹುದು. ಎರಡನೆಯ ಸಲವೂ ಕೇಳಿಸಿಕೊಳ್ಳುವವರು ಮನೆಯಲ್ಲೊಬ್ಬರು ಇರಬೇಕು.